ಒಳ್ಳೆ ಆಟಗಾರನನ್ನು ಬಿಟ್ಟುಕೊಟ್ಟು ತಂಡ ಕಟ್ಟೋದು ಹೇಗೆ? ಕೆಜಿಎಫ್ ಮೈದಾನದಿಂದ ನೋಡಿದ ಲೆಕ್ಕ

ಸಣ್ಣ ಫುಟ್‌ಬಾಲ್ ಕ್ಲಬ್ಬೊಂದು ತನ್ನ ಒಳ್ಳೆ ಆಟಗಾರನನ್ನು ಮಾರಿದ ತಕ್ಷಣ, ಅಂದರೆ ಕರಾರು ಮುಗಿಯೋಕೆ ಮುಂಚೆ ದುಡ್ಡು ತಗೊಂಡು ಬೇರೆ ಕ್ಲಬ್‌ಗೆ ಬಿಟ್ಟುಕೊಟ್ಟ ತಕ್ಷಣ, ಎರಡು ಮಾತು ಕೇಳಿಬರುತ್ತವೆ. ಒಂದು, 'ಇವರಿಗೆ ಗೆಲ್ಲೋ ಆಸೆನೇ ಇಲ್ಲ, ದುಡ್ಡೇ ಮುಖ್ಯ'. ಇನ್ನೊಂದು, 'ಪಾಪ, ಏನು ಮಾಡ್ತಾರೆ, ಖರ್ಚು ನಡೀಬೇಕಲ್ಲ'. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಟೀ ಕುಡಿಯುತ್ತಾ ಇಂಗ್ಲೆಂಡಿನ ಬ್ರೆಂಟ್‌ಫರ್ಡ್ ಕ್ಲಬ್ಬಿನ ಬಗ್ಗೆ ಮಾತಾಡುವಾಗಲೂ ಇವೇ ಎರಡು ಮಾತು. ನಮ್ಮೂರಿನ ಹುಡುಗನೊಬ್ಬ ಬೆಂಗಳೂರಿನ ತಂಡ ಸೇರಿದಾಗಲೂ ಇವೇ ಎರಡು ಮಾತು. ಎರಡರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಆದರೆ ಮಾರಿ ಮಾರಿಯೇ ಮೇಲಕ್ಕೆ ಹತ್ತಿದ ಕ್ಲಬ್‌ಗಳಿವೆ, ಮಾರದೆ ಹಿಡಿದಿಟ್ಟುಕೊಂಡು ಕೆಳಗೆ ಬಿದ್ದವೂ ಇವೆ. ನನ್ನ ಪ್ರಕಾರ ನೋಡಬೇಕಾದ್ದು ಒಂದೇ: ಆಟಗಾರ ಹೋಗುವ ದಿನಕ್ಕೆ ಮುಂಚೆ ಆ ಕ್ಲಬ್ಬು ಏನೇನು ಮಾಡಿಟ್ಟುಕೊಂಡಿತ್ತು?

ಮೊದಲು ದುಡ್ಡಿನ ವಿಷಯ. ಕ್ಲಬ್‌ಗೆ ಆದಾಯ ಬರೋದು ಟಿಕೆಟ್‌ನಿಂದ, ಟಿವಿ ಹಕ್ಕಿನಿಂದ, ಪ್ರಾಯೋಜಕರಿಂದ, ಆಮೇಲೆ ಆಟಗಾರರ ಮಾರಾಟದಿಂದ. ದೊಡ್ಡ ಕ್ಲಬ್‌ಗಳು ಮೊದಲ ಮೂರರಲ್ಲೇ ಸಂಸಾರ ತೂಗಿಸಬಹುದು. ಸಣ್ಣವಕ್ಕೆ ಅದು ಸಾಕಾಗಲ್ಲ. ಖರ್ಚಿನಲ್ಲಿ ಬಹುಪಾಲು ಸಂಬಳಕ್ಕೇ ಹೋಗುತ್ತದೆ. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಈಗ ತನ್ನ ಟೂರ್ನಿಗಳಲ್ಲಿ ಆಡುವ ಕ್ಲಬ್‌ಗಳಿಗೆ ಒಂದು ಮಿತಿ ಹಾಕಿದೆ. ಸಂಬಳ, ಆಟಗಾರರ ಖರೀದಿ, ಏಜೆಂಟರ ಕಮಿಷನ್ ಎಲ್ಲಾ ಸೇರಿ ಆದಾಯದ ಶೇ 70 ದಾಟಬಾರದು ಅಂತ. ಇಂಥ ನಿಯಮ ತರಬೇಕಾಗಿ ಬಂತು ಅಂದರೆ ಎಷ್ಟು ಕ್ಲಬ್‌ಗಳು ಹಾಸಿಗೆ ಮೀರಿ ಕಾಲು ಚಾಚಿದ್ದವು ಅನ್ನೋದು ಅರ್ಥವಾಗುತ್ತದೆ.

ಆಟಗಾರನ ಬೆಲೆ ಹೇಗೆ ಏರಿಳಿಯುತ್ತದೆ ಅನ್ನೋದು ಕೋಲಾರದವರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಎಪಿಎಂಸಿಯಲ್ಲಿ 2023ರ ಜುಲೈನಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತ್ತು. ಬೇರೆ ಸಮಯದಲ್ಲಿ ಕೂಲಿ, ಗಾಡಿ ಬಾಡಿಗೆಯೂ ಗಿಟ್ಟದೆ ರಸ್ತೆ ಬದಿಗೆ ಸುರಿದು ಹೋದದ್ದನ್ನೂ ನೋಡಿದ್ದೇವೆ. ಹಣ್ಣಾದ ಟೊಮೆಟೊವನ್ನು ಮನೆಯಲ್ಲಿಟ್ಟುಕೊಂಡು ಒಳ್ಳೆ ರೇಟಿಗೆ ಕಾಯೋಕಾಗಲ್ಲ. ಮಂಡಿಯವನಿಗೂ ಅದು ಗೊತ್ತು. ಆಟಗಾರನ ಕರಾರೂ ಹಾಗೇ. ಕರಾರಿನಲ್ಲಿ ಮೂರು ವರ್ಷ ಬಾಕಿ ಇರುವ ಆಟಗಾರನಿಗೆ ಕ್ಲಬ್ಬು 'ಈ ರೇಟಿಗೆ ಕೊಡಲ್ಲ' ಅಂತ ಹೇಳಬಹುದು. ಒಂದೇ ವರ್ಷ ಬಾಕಿ ಇದ್ದರೆ ಕೊಳ್ಳುವವನು ಆರಾಮಾಗಿ ಕೂತು ಕಾಯುತ್ತಾನೆ. ಯಾಕಂದರೆ 1995ರ ಬಾಸ್ಮನ್ ತೀರ್ಪಿನ ನಂತರ ಯುರೋಪಿನಲ್ಲಿ ಕರಾರು ಮುಗಿದ ಆಟಗಾರ ಹಳೆ ಕ್ಲಬ್‌ಗೆ ಒಂದು ಪೈಸೆಯೂ ಬರದಂತೆ ಎದ್ದು ಹೋಗಬಹುದು. ಆಟಗಾರನ ದೃಷ್ಟಿಯಿಂದ ಅದು ನ್ಯಾಯವಾದ ತೀರ್ಪು. ಅವನು ಯಾರ ಸ್ವತ್ತೂ ಅಲ್ಲ. ಆದರೆ ಸಣ್ಣ ಕ್ಲಬ್‌ಗೆ ಅದು ಕೊಟ್ಟ ಎಚ್ಚರಿಕೆ ಒಂದೇ: ಗಡಿಯಾರ ನೋಡ್ತಾ ಇರು.

ಆ ಗಡಿಯಾರ ನೋಡೋದನ್ನು ಮರೆತರೆ ಏನಾಗುತ್ತೆ ಅನ್ನೋದಕ್ಕೆ ಲೆಸ್ಟರ್ ಸಿಟಿ ಇದೆ. 2016ರಲ್ಲಿ ಇಂಗ್ಲೆಂಡಿನ ಚಾಂಪಿಯನ್ ಆದ ಮೇಲೆ ಅವರು ಆಗಾಗ ಒಬ್ಬ ದೊಡ್ಡ ಆಟಗಾರನನ್ನು ಬಿಟ್ಟುಕೊಟ್ಟರು. ಕಾಂಟೆ 2016ರಲ್ಲಿ ಹೋದ, ಮಹ್ರೆಜ್ 2018ರಲ್ಲಿ, ಮ್ಯಾಗ್ವಾಯರ್ 2019ರಲ್ಲಿ ಎಂಟು ಕೋಟಿ ಪೌಂಡ್‌ಗೆ. ಬಂದ ದುಡ್ಡಲ್ಲಿ ಬೇರೆಯವರನ್ನು ತಂದರು. 2020, 2021 ಎರಡೂ ಸಲ ಲೀಗ್‌ನಲ್ಲಿ ಐದನೇ ಸ್ಥಾನ, 2021ರಲ್ಲಿ ಇಂಗ್ಲೆಂಡಿನ ನಾಕೌಟ್ ಟೂರ್ನಿಯಾದ ಎಫ್‌ಎ ಕಪ್ಪು. ಆಮೇಲೆ ಸಂಬಳದ ಬಿಲ್ಲು ಬೆಳೆಯಿತು, ಮಾರಾಟದ ಓಟ ನಿಧಾನವಾಯಿತು. 2022ರಲ್ಲಿ ಫೊಫಾನ ಒಬ್ಬನನ್ನು ಮಾರಿ ದೊಡ್ಡ ಮೊತ್ತ ಪಡೆದರು, ಆದರೆ ಟಿಲೆಮನ್ಸ್, ಸೋಯುಂಜು ಥರದವರ ಕರಾರು ಹಾಗೇ ಸವೆಯುತ್ತಾ ಬಂತು. 2023ರಲ್ಲಿ ತಂಡ ಲೀಗ್‌ನ ಕೊನೆಯ ಮೂರರಲ್ಲಿ ನಿಂತು ಎರಡನೇ ದರ್ಜೆಗೆ ಬಿತ್ತು, ಆ ಇಬ್ಬರೂ ಬಿಡಿಗಾಸು ಕೊಡಿಸದೆ ಹೊರಟರು. ಚಾಂಪಿಯನ್ ಆಗಿ ಏಳೇ ವರ್ಷ! ಅವರನ್ನು ಇಟ್ಟುಕೊಂಡಿದ್ದು ಮಹತ್ವಾಕಾಂಕ್ಷೆಯಿಂದಲೇ ಇರಬಹುದು, ಕೊನೆಗೆ ಅದಕ್ಕೇ ಏಟು ಬಿತ್ತು.

ಇನ್ನು ಬ್ರೆಂಟ್‌ಫರ್ಡ್. ಇದನ್ನು ಸ್ವಲ್ಪ ಬಿಡಿಸಿ ನೋಡೋಣ, ಯಾಕಂದರೆ ಎಲ್ಲರೂ 'ಅವರು ಆಟಗಾರರನ್ನ ಆರಿಸೋಕೆ ಡೇಟಾ ಬಳಸ್ತಾರೆ' ಅಂತ ಹೇಳಿ ಮುಗಿಸಿಬಿಡುತ್ತಾರೆ. ಪಶ್ಚಿಮ ಲಂಡನ್ನಿನ ಈ ಕ್ಲಬ್ಬು 1947ರಲ್ಲಿ ಮೊದಲ ದರ್ಜೆಯಿಂದ ಇಳಿದದ್ದು, ವಾಪಸ್ ಬಂದದ್ದು 2021ರಲ್ಲಿ. 2019ರಲ್ಲಿ ಗೋಲು ಹೊಡೆಯುತ್ತಿದ್ದ ನೀಲ್ ಮೊಪೇಯನ್ನು ಬ್ರೈಟನ್‌ಗೆ ಕೊಟ್ಟರು. ಆ ಜಾಗಕ್ಕೆ, ಮೈದಾನದ ಅಂಚಿನಲ್ಲಿ, ಅಂದರೆ ವಿಂಗ್‌ನಲ್ಲಿ, ಓಡಾಡಿಕೊಂಡಿದ್ದ ಓಲಿ ವಾಟ್ಕಿನ್ಸ್‌ನನ್ನು ತಂದು ನಿಲ್ಲಿಸಿದರು. ಅವನು ಆ ಸೀಸನ್ನಿನ ಲೀಗ್‌ನಲ್ಲಿ 25 ಗೋಲು ಹೊಡೆದ. ಆದರೂ 2020ರ ಆಗಸ್ಟ್‌ನಲ್ಲಿ, ಮೇಲಿನ ದರ್ಜೆಗೆ ಹತ್ತುವ ಕೊನೆಯ ಜಾಗಕ್ಕಾಗಿ ನಡೆಯುವ ಪ್ಲೇ ಆಫ್ ಫೈನಲ್‌ನಲ್ಲಿ, ಫುಲ್ಹಮ್ ಎದುರು 2-1ರಿಂದ ಸೋತರು. ಮೊದಲ ದರ್ಜೆಯಾದ ಪ್ರೀಮಿಯರ್ ಲೀಗ್ ಒಂದೇ ಪಂದ್ಯದಲ್ಲಿ ಕೈ ತಪ್ಪಿತು. ಇಂಥ ಹೊತ್ತಲ್ಲಿ ಯಾವ ಅಭಿಮಾನಿಯಾದರೂ ಏನು ಹೇಳ್ತಾನೆ? 'ಇನ್ನೊಂದು ವರ್ಷ ಇವನನ್ನ ಬಿಡಬೇಡಿ, ಈ ಸಲ ಹತ್ತೇ ಹತ್ತುತ್ತೀವಿ' ಅಂತ ತಾನೇ. ನಾನೂ ಅದನ್ನೇ ಹೇಳುತ್ತಿದ್ದೆ.

ಅವರು ವಾಟ್ಕಿನ್ಸ್‌ನನ್ನು ಆಸ್ಟನ್ ವಿಲ್ಲಾಗೆ ಮಾರಿದರು. ಇನ್ನೊಬ್ಬ ಮುಖ್ಯ ಆಟಗಾರ ಬೆನ್‌ರಹ್ಮಾನನ್ನೂ ಕಳಿಸಿದರು. ಈಗ ದಿನಾಂಕ ನೋಡಿ. ವಾಟ್ಕಿನ್ಸ್ ಹೋಗಿದ್ದು ಸೆಪ್ಟೆಂಬರ್ 9ಕ್ಕೆ. ಅವನ ಜಾಗಕ್ಕೆ ಕೆಳದರ್ಜೆಯ ಪೀಟರ್‌ಬರೋದಿಂದ ಐವನ್ ಟೋನಿ ಬಂದು ಸಹಿ ಹಾಕಿದ್ದು ಆಗಸ್ಟ್ 31ಕ್ಕೇ. ಹೋಗುವವನಿಗಿಂತ ಮುಂಚೆ ಬರುವವನು ಬಂದಾಗಿತ್ತು. ಟೋನಿ ಆ ಸೀಸನ್ನಿನ ಲೀಗ್‌ನಲ್ಲಿ 31 ಗೋಲು ಹೊಡೆದ, 2021ರ ಮೇ 29ರಂದು ವೆಂಬ್ಲಿಯಲ್ಲಿ ಸ್ವಾನ್ಸೀಯನ್ನು 2-0ರಿಂದ ಸೋಲಿಸಿ ಬ್ರೆಂಟ್‌ಫರ್ಡ್ ಮೇಲಕ್ಕೆ ಬಂತು. ಟೋನಿ ಸೌದಿಗೆ ಹೋಗಿದ್ದು 2024ರ ಆಗಸ್ಟ್ ಕೊನೆಯಲ್ಲಿ. ಅವನ ಜಾಗಕ್ಕೆ ಇಗೊರ್ ಥಿಯಾಗೊನನ್ನು ತರುವ ವ್ಯವಹಾರ ಅದೇ ವರ್ಷದ ಫೆಬ್ರವರಿಯಲ್ಲೇ ಮುಗಿದಿತ್ತು. ಥಿಯಾಗೊ ಗಾಯಗೊಂಡು ಸೀಸನ್ನಿನ ಬಹುಪಾಲು ಹೊರಗೆ ಕೂತ. ಆದರೂ ತಂಡ ಕುಸಿಯಲಿಲ್ಲ, ಯಾಕಂದರೆ ಮೊದಲೇ ತಂಡದಲ್ಲಿದ್ದ ಎಂಬ್ಯುಮೊ 20, ವಿಸ್ಸಾ 19 ಗೋಲು ಹೊಡೆದರು. ತಂಡ ಹತ್ತನೇ ಸ್ಥಾನದಲ್ಲಿ ನಿಂತಿತು. 2025ರ ಬೇಸಿಗೆಯಲ್ಲಿ ಆ ಇಬ್ಬರೂ ಹೋದರು, ಕೋಚ್ ಥಾಮಸ್ ಫ್ರಾಂಕ್ ಕೂಡ ಟಾಟನ್‌ಹ್ಯಾಮ್‌ಗೆ ಹೋದರು.

ಇದನ್ನೆಲ್ಲಾ ಇಲ್ಲಿ ಯಾಕೆ ಹೇಳ್ತಿದ್ದೀನಿ ಅಂದರೆ, ಅವರ ಡೇಟಾ, ಅವರ ಮಾಲೀಕ ಮ್ಯಾಥ್ಯೂ ಬೆನ್‌ಹಮ್ ಹಾಕಿದ ದುಡ್ಡು, ಇವೆರಡೂ ನಮಗೆ ಸಿಗಲ್ಲ. ಆದರೆ ಒಬ್ಬ ಹೋಗುವ ಮೊದಲೇ ಇನ್ನೊಬ್ಬನನ್ನು ತಯಾರು ಮಾಡೋದಕ್ಕೆ ಕೋಟಿ ಬೇಕಿಲ್ಲ. ವಿಂಗ್‌ನ ಹುಡುಗನನ್ನು ಮಧ್ಯದಲ್ಲಿ ಆಡಿಸಿ ನೋಡೋದಕ್ಕಂತೂ ದುಡ್ಡೇ ಬೇಕಾಗಿಲ್ಲ, ಅಲ್ವಾ?

ತಯಾರಿ ಇಲ್ಲದೆ ಮಾರಿದರೆ ಹೇಗಿರುತ್ತೆ ಅನ್ನೋದನ್ನು ಇಂಗ್ಲೆಂಡಿನ ಇನ್ನೊಂದು ಕ್ಲಬ್ಬು ಸೌತಾಂಪ್ಟನ್ ತೋರಿಸಿತು. 2014ರಲ್ಲಿ ಲಲ್ಲಾನಾ, ಲೊವ್ರೆನ್, ಲ್ಯಾಂಬರ್ಟ್, ಶಾ, ಚೇಂಬರ್ಸ್ ಐವರೂ ಒಂದೇ ಬೇಸಿಗೆಯಲ್ಲಿ ಹೋದರು. ಮಾನೆ, ಟಾಡಿಚ್, ಪೆಲ್ಲೆ ಬಂದರು. ತಂಡ ಏಳನೇ ಸ್ಥಾನಕ್ಕೆ ಬಂತು, ಮರುವರ್ಷ ಆರಕ್ಕೆ. ಎಲ್ಲರೂ ಹೊಗಳಿದರು. ಆಮೇಲೆ 2018ರ ಜನವರಿಯಲ್ಲಿ, ಸೀಸನ್ ನಡುವೆಯೇ, ಡಿಫೆಂಡರ್ ವ್ಯಾನ್ ಡೈಕ್‌ನನ್ನು ಏಳೂವರೆ ಕೋಟಿ ಪೌಂಡ್‌ಗೆ ಲಿವರ್‌ಪೂಲ್‌ಗೆ ಕೊಟ್ಟರು. ಬೆಲೆ ನೋಡಿದರೆ ಅದ್ಭುತ ವ್ಯಾಪಾರ. ಅದೇ ತಿಂಗಳು ಕ್ಲಬ್ಬಿನ ದಾಖಲೆ ಮೊತ್ತಕ್ಕೆ ಕಾರಿಲ್ಲೊ ಅನ್ನೋ ಸ್ಟ್ರೈಕರ್‌ನನ್ನು ತಂದರು, ಅವನು ಒಂದು ಗೋಲೂ ಹೊಡೆಯಲಿಲ್ಲ. ಆ ಸಲ 17ನೇ ಸ್ಥಾನ, ಕೆಳದರ್ಜೆಗೆ ಬೀಳೋದರಿಂದ ಕೂದಲೆಳೆಯಲ್ಲಿ ಬಚಾವ್. 2023ರಲ್ಲಿ ಕೆಳಗಿಳಿದರು. ಮಾರಿ ಬಂದ ದುಡ್ಡನ್ನು ಸರಿಯಾಗಿ ಹಾಕೋ ಕೈ ಹೋಯಿತು ಅಂದರೆ ಮಾರಾಟದ ದಾಖಲೆ ಏನೂ ಕಾಪಾಡಲ್ಲ.

ಈಗ ನಮ್ಮ ದೇಶಕ್ಕೆ ಬರೋಣ. ನಮ್ಮಲ್ಲಿ ಸಣ್ಣ ಕ್ಲಬ್ಬಿನ ಕಷ್ಟ ಬೇರೆ ಥರ. ಅವರು ಮಾರೋದಿಲ್ಲ, ಸುಮ್ನೆ ಕಳೆದುಕೊಳ್ಳುತ್ತಾರೆ. ಮಿಜೋರಾಮಿನ ಐಜ್ವಾಲ್ ಎಫ್‌ಸಿ 2017ರ ಏಪ್ರಿಲ್ 30ರಂದು ಶಿಲ್ಲಾಂಗ್ ಲಾಜೊಂಗ್ ಜೊತೆ 1-1 ಡ್ರಾ ಮಾಡಿಕೊಂಡು, ಆಗ ರಾಷ್ಟ್ರೀಯ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. ಈಶಾನ್ಯದ ಯಾವ ಕ್ಲಬ್ಬೂ ಅದಕ್ಕೆ ಮುಂಚೆ ಗೆದ್ದಿರಲಿಲ್ಲ. ಕೆಲವೇ ತಿಂಗಳಲ್ಲಿ ಕೋಚ್ ಖಾಲಿದ್ ಜಮೀಲ್ ಕೋಲ್ಕತ್ತದ ಈಸ್ಟ್ ಬೆಂಗಾಲ್‌ಗೆ ಹೋದರು, ನಡುಮೈದಾನದ ಅಲ್ ಅಮ್ನಾ ಕೂಡ ಅಲ್ಲಿಗೇ ಹೋದ, ಜಯೇಶ್ ರಾಣೆ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಸೇರಿದ, ಹೀಗೇ ಒಬ್ಬೊಬ್ಬರಾಗಿ. ಚಾಂಪಿಯನ್ ತಂಡ ಬಿಚ್ಚಿಹೋಯಿತು. ಸಣ್ಣ ಕ್ಲಬ್‌ಗಳು ಒಂದೊಂದು ಸೀಸನ್ನಿಗೆ ಕರಾರು ಮಾಡಿಕೊಳ್ಳುವ ಕಡೆ ಗೆಲುವು ಕೂಡ ಜಾಹೀರಾತಾಗಿಬಿಡುತ್ತದೆ. ಆಟಗಾರ ಮಿಂಚಿದ, ಬೇರೆಯವರು ನೋಡಿದರು, ಕರಾರು ಮುಗಿಯಿತು, ಹೊರಟ. ಗೆದ್ದ ಕ್ಲಬ್‌ಗೆ ಕಪ್ಪು ಉಳಿಯಿತು, ಮುಂದಿನ ತಂಡ ಕಟ್ಟೋಕೆ ದುಡ್ಡು ಉಳಿಯಲಿಲ್ಲ.

ನಮ್ಮ ಕಡೆ ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ಆಟಗಾರನಿಗೆ ಸಿಗುತ್ತಿದ್ದದ್ದು ನೌಕರಿ. ಬೆಂಗಳೂರಿನಲ್ಲಿ ಐಟಿಐ, ಎಚ್‌ಎಎಲ್ ಥರದ ಕಾರ್ಖಾನೆಗಳು ತಂಡ ಕಟ್ಟುತ್ತಿದ್ದವು. 1977ರ ಮೊದಲ ಫೆಡರೇಷನ್ ಕಪ್ಪನ್ನು ಮೋಹನ್ ಬಾಗಾನ್ ಎದುರು ಗೆದ್ದದ್ದು ಐಟಿಐ. ಕೆಜಿಎಫ್‌ನಲ್ಲಿ ಚಿನ್ನದ ಗಣಿಯ ಕಾಲದಲ್ಲಿ ಮೈದಾನ, ಬಾಲು, ಆಟಕ್ಕೆ ಬಿಡುವು, ಎಲ್ಲದರ ಹಿಂದೆ ಗಣಿಯ ನೆರಳಿತ್ತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಕೆಲಸ ಹೋದದ್ದರ ಬಗ್ಗೆ ಎಲ್ಲರೂ ಬರೆದರು. ಅದರ ಜೊತೆಗೆ ಆಟದ ಬೆನ್ನಿಗಿದ್ದ ದುಡ್ಡೂ ಹೋಯಿತು ಅನ್ನೋದನ್ನು ಮೈದಾನದವರು ಮಾತ್ರ ನೋಡಿದರು. ಹುಡುಗರು ಮಾತ್ರ ಆಡೋದನ್ನು ಬಿಡಲಿಲ್ಲ. ಈಗಲೂ ಗಣಿ ಬಿಟ್ಟುಹೋದ ಸೈನೈಡ್ ಮಣ್ಣಿನ ದಿಬ್ಬಗಳ ಕಡೆಯಿಂದ ಗಾಳಿ ಎದ್ದರೆ ಕಣ್ಣು ಬಿಡೋಕಾಗಲ್ಲ, ಆದರೂ ಸಂಜೆ ಪ್ರಾಕ್ಟೀಸ್ ನಿಲ್ಲಲ್ಲ.

ನಾನು ಕೈಲಾದಷ್ಟು ನೆರವಾಗುವ ಒಂದು ಸಣ್ಣ ಕ್ಲಬ್ಬಿನ ಕಥೆ ಹೇಳ್ತೀನಿ. ನಮ್ಮ ಡಿಫೆನ್ಸ್ ಇಡೀ ಒಬ್ಬ ಹುಡುಗನ ಮೇಲೆ ನಿಂತಿತ್ತು. ಎತ್ತರ, ತಲೆಯಲ್ಲಿ ಬಾಲು ತೆಗೆಯೋದು, ಎಲ್ಲಕ್ಕಿಂತ ಮುಖ್ಯವಾಗಿ ಬಾಯಿ ತೆಗೆದು ಇತರರನ್ನು ಜಾಗಕ್ಕೆ ನಿಲ್ಲಿಸೋದು. ಟೂರ್ನಿ ಅರ್ಧ ಮುಗಿದಿತ್ತು. ರಾತ್ರಿ ಫೋನ್ ಮಾಡಿದ.

'ಅಣ್ಣಾ, ಬೆಂಗಳೂರಲ್ಲಿ ರೂಮು, ಊಟ ಎಲ್ಲಾ ಅವರೇ ನೋಡ್ಕೊಳ್ತಾರಂತೆ. ತಿಂಗಳಿಗೆ ದುಡ್ಡೂ ಕೊಡ್ತಾರೆ. ಅಮ್ಮ ಹೋಗು ಅಂತಿದಾರೆ.'

'ಯಾವಾಗಿಂದನಪ್ಪಾ?'

'ನಾಳೆ ಬೆಳಗ್ಗೆ ಟ್ರೈನಿಗೆ ಬಾ ಅಂದಿದಾರೆ, ಅಣ್ಣಾ.'

'ಹೋಗಿ ಬಾ, ಚೆನ್ನಾಗಿ ಆಡು' ಅಂತ ಹೇಳದೆ ಬೇರೆ ಏನು ಹೇಳೋದು? ಅವರಮ್ಮ ದಿನಾ ಬೆಂಗಳೂರಿಗೆ ಹೋಗುವ ಅದೇ ಮಾರಿಕುಪ್ಪಂ ರೈಲಿನಲ್ಲಿ ಕೆಲಸಕ್ಕೆ ಹೋಗಿಬರುವವರು. ಮಗನಿಗೆ ಬಂದ ಅವಕಾಶಕ್ಕೆ ಅಡ್ಡ ನಿಲ್ಲುವ ಕ್ಲಬ್ಬು ಕ್ಲಬ್ಬೇ ಅಲ್ಲ. ಆದರೆ ಕರೆದುಕೊಂಡು ಹೋದ ತಂಡದವರು ನಮ್ಮ ಜೊತೆ ಒಂದು ಮಾತೂ ಆಡಲಿಲ್ಲ, ಟೂರ್ನಿ ಮುಗಿಯಲಿ ಅಂತ ಕಾಯಲಿಲ್ಲ. ಅದು ನನಗೆ ಈಗಲೂ ನೋವು. ಅವನ ಜಾಗಕ್ಕೆ ನಿಲ್ಲೋಕೆ, ಎಡ ಅಂಚು ಕಾಯುತ್ತಿದ್ದ ಲೆಫ್ಟ್ ಬ್ಯಾಕ್ ಹುಡುಗ ಬಂದ, ಅವನಿಗೆ ಆ ಜಾಗದಲ್ಲಿ ಒಂದು ಪಂದ್ಯವೂ ಆಡಿ ರೂಢಿ ಇರಲಿಲ್ಲ. ಕಾರ್ನರ್ ಬಂದಾಗೆಲ್ಲಾ ಗೋಲ್‌ಕೀಪರ್ ಕಡೆ ತಿರುಗಿ 'ಯಾರನ್ನ ಹಿಡೀಲಿ?' ಅಂತ ಕೂಗುತ್ತಿದ್ದ. ಮೊದಲ ಪಂದ್ಯದಲ್ಲೇ ಸೋತೆವು.

ಇಂಥ ಕಡೆ ಕಾನೂನು ಎಷ್ಟು ಕಾಪಾಡುತ್ತೆ? ಕೆಲವು ವಿಷಯ ತಿಳಿದಿರಬೇಕು. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ನಿಯಮದಲ್ಲಿ, ಕರಾರಿನಲ್ಲಿರುವ ಆಟಗಾರ ಒಂದು ದೇಶದ ಕ್ಲಬ್ಬಿನಿಂದ ಇನ್ನೊಂದು ದೇಶದ ಕ್ಲಬ್‌ಗೆ ಹೋದಾಗ, ಹೊಸ ಕ್ಲಬ್ಬು ಕೊಡುವ ಮೊತ್ತದ ಶೇ 5ನ್ನು ಅವನನ್ನು 12ರಿಂದ 23ನೇ ವಯಸ್ಸಿನವರೆಗೆ ಬೆಳೆಸಿದ ಕ್ಲಬ್‌ಗಳಿಗೆ ಹಂಚಬೇಕು. 12ರಿಂದ 15ರವರೆಗಿನ ಒಂದೊಂದು ಸೀಸನ್ನಿಗೆ ಒಟ್ಟು ಮೊತ್ತದ ಶೇ 0.25, 16ರಿಂದ 23ರವರೆಗೆ ಒಂದೊಂದಕ್ಕೆ ಶೇ 0.5. ನಮ್ಮ ಕ್ಲಬ್ಬಲ್ಲಿ 12ರಿಂದ 17ರವರೆಗೆ ಆಡಿದ ಹುಡುಗ ಮುಂದೆ ಒಂದು ಕೋಟಿ ರೂಪಾಯಿಗೆ ಹೊರದೇಶಕ್ಕೆ ಹೋದ ಅಂತ ಇಟ್ಟುಕೊಳ್ಳಿ. ಮೊದಲ ನಾಲ್ಕು ಸೀಸನ್ನಿಗೆ ಶೇ 1, ಆಮೇಲಿನ ಎರಡಕ್ಕೆ ಶೇ 1. ಒಟ್ಟು ಎರಡು ಲಕ್ಷ ರೂಪಾಯಿ. ಇಲ್ಲಿನ ಮಟ್ಟಕ್ಕೆ ಅದು ಜರ್ಸಿ, ಬಾಲು, ರೈಲು ಚಾರ್ಜು, ರೆಫರಿ ಫೀಸು ಎಲ್ಲಕ್ಕೂ ಆಗುವ ದುಡ್ಡು. ಇದನ್ನು ಹಂಚೋಕೆ ಫಿಫಾ ಪ್ಯಾರಿಸ್‌ನಲ್ಲಿ ಕ್ಲಿಯರಿಂಗ್ ಹೌಸ್ ಅಂತ ಒಂದು ವ್ಯವಸ್ಥೆಯನ್ನೇ ಮಾಡಿದೆ, 2022ರಿಂದ ನಡೆಯುತ್ತಿದೆ.

ಆದರೆ ಇದಕ್ಕೆಲ್ಲಾ ಒಂದು ಷರತ್ತು. ಆ ಹುಡುಗ ಆ ವರ್ಷಗಳಲ್ಲಿ ನಿಮ್ಮ ಕ್ಲಬ್ಬಲ್ಲಿ ಆಡುತ್ತಿದ್ದ ಅಂತ ದಾಖಲೆ ಇರಬೇಕು. ದೇಶದ ಫುಟ್‌ಬಾಲ್ ಸಂಸ್ಥೆ ಎಐಎಫ್‌ಎಫ್‌ಗೆ ಸಿಆರ್‌ಎಸ್ ಅನ್ನೋ ಆನ್‌ಲೈನ್ ನೋಂದಣಿ ಇದೆ. ಅದರಲ್ಲಿ ಹೆಸರಿಲ್ಲದ ಹುಡುಗ ಎಷ್ಟು ವರ್ಷ ನಮ್ಮ ಮೈದಾನದಲ್ಲಿ ಬೆವರು ಸುರಿಸಿದ್ದರೂ ಕಾಗದದ ಮೇಲೆ ಅವನು ನಮ್ಮವನಲ್ಲ. ಎಷ್ಟೋ ಸಣ್ಣ ಕ್ಲಬ್‌ಗಳು ಟೂರ್ನಿಗೆ ಬೇಕಾದ ಹದಿನೆಂಟು ಇಪ್ಪತ್ತು ಜನರನ್ನಷ್ಟೇ ನೋಂದಾಯಿಸಿ ಸುಮ್ಮನಾಗುತ್ತವೆ. ಹನ್ನೆರಡರ ಹುಡುಗರು ಹಾಗೇ ಉಳಿಯುತ್ತಾರೆ.

ದೇಶದೊಳಗಿನ ವರ್ಗಾವಣೆಗೆ ಫಿಫಾದ ಈ ಶೇ 5ರ ಲೆಕ್ಕ ತಾನಾಗಿ ಬರಲ್ಲ. ಹಾಗಾಗಿ ಎರಡು ಕ್ಲಬ್‌ಗಳ ನಡುವಿನ ಬರವಣಿಗೆಯೇ ಮುಖ್ಯ. 'ಮುಂದೆ ನೀವು ಇವನನ್ನು ಬೇರೆಯವರಿಗೆ ಕೊಟ್ಟರೆ ಅದರಲ್ಲಿ ಇಷ್ಟು ಪಾಲು ನಮಗೆ' ಅನ್ನೋ ಒಂದು ಸಾಲು. ಇಂಗ್ಲೆಂಡಿನ ಎಕ್ಸೆಟರ್ ಸಿಟಿ ಅನ್ನೋ ಪುಟ್ಟ ಕ್ಲಬ್ಬಿನ ಒಡೆತನ ಅದರ ಅಭಿಮಾನಿಗಳ ಟ್ರಸ್ಟಿನದು. ವಾಟ್ಕಿನ್ಸ್‌ನನ್ನು ಬೆಳೆಸಿದ್ದು ಅವರೇ. ಬ್ರೆಂಟ್‌ಫರ್ಡ್‌ಗೆ ಕೊಡುವಾಗ ಇಂಥ ಸಾಲೊಂದನ್ನು ಬರೆಸಿಕೊಂಡಿದ್ದರು, 2020ರಲ್ಲಿ ಅವನು ವಿಲ್ಲಾಗೆ ಹೋದಾಗ ಮತ್ತೆ ದುಡ್ಡು ಬಂತು. ಇನ್ನೊಂದು ಮಾತು. ನಮ್ಮ 1872ರ ಕರಾರು ಕಾಯ್ದೆ ಪ್ರಕಾರ 18 ತುಂಬದವರು ಮಾಡಿಕೊಂಡ ಒಪ್ಪಂದಕ್ಕೆ ಬಲ ಇಲ್ಲ. ಹದಿನಾರರ ಹುಡುಗನ ಕೈಯಲ್ಲಿ ಸ್ಟ್ಯಾಂಪ್ ಪೇಪರಿಗೆ ಸಹಿ ಹಾಕಿಸಿ ಹೆದರಿಸೋದರಿಂದ ಪ್ರಯೋಜನ ಇಲ್ಲ, ಅದು ಸರಿಯೂ ಅಲ್ಲ. ಆ ವಯಸ್ಸಿನವರ ವಿಷಯದಲ್ಲಿ ಅಪ್ಪ ಅಮ್ಮನ ಜೊತೆ ಕೂತು ಮಾತಾಡಿ ಉಳಿಸಿಕೊಂಡ ನಂಬಿಕೆಯೇ ಹಿಡಿತ. ಒಳ್ಳೆ ಅವಕಾಶ ಬಂದರೆ ನಾವೇ ಕಳಿಸಿಕೊಡ್ತೀವಿ, ಆದರೆ ಸೀಸನ್ ಮುಗಿದ ಮೇಲೆ, ನಮಗೆ ಹೇಳಿ, ಅಂತ ಮೊದಲ ದಿನವೇ ಹೇಳಿದರೆ ಬಹಳ ಜನ ಅರ್ಥ ಮಾಡಿಕೊಳ್ಳುತ್ತಾರೆ.

ಹಾಗಾದರೆ ಸಣ್ಣ ಊರಿನ ಕ್ಲಬ್ಬು ಎಷ್ಟು ಎತ್ತರದ ಆಸೆ ಇಟ್ಟುಕೊಳ್ಳಬಹುದು? ನನಗೆ ಧೈರ್ಯ ಕೊಡುವ ಉದಾಹರಣೆ ಈಕ್ವೆಡಾರ್‌ನ ಇಂಡಿಪೆಂಡಿಯೆಂಟೆ ಡೆಲ್ ವಾಯೆ. ರಾಜಧಾನಿ ಕೀಟೊ ಪಕ್ಕದ ಸಂಗೊಲ್ಕಿ ಅನ್ನೋ ಊರಿನ ಕ್ಲಬ್ಬು. ಆಮೇಲೆ ಯುರೋಪಿನ ದೊಡ್ಡ ಕ್ಲಬ್‌ಗಳಲ್ಲಿ ಆಡಿದ ಕೈಸೆಡೊ, ಹಿಂಕಾಪಿಯೆ, ಪಾಚೊ ಎಲ್ಲಾ ಅಲ್ಲಿ ಬೆಳೆದವರು, ಎಲ್ಲರನ್ನೂ ಬಿಟ್ಟುಕೊಟ್ಟರು. ಅದರ ನಡುವೆಯೇ 2016ರಲ್ಲಿ ದಕ್ಷಿಣ ಅಮೆರಿಕದ ಅತಿ ದೊಡ್ಡ ಕ್ಲಬ್ ಟೂರ್ನಿ ಕೋಪಾ ಲಿಬರ್ತಡೋರೆಸ್ ಫೈನಲ್ ತಲುಪಿದರು, 2019 ಮತ್ತು 2022ರಲ್ಲಿ ಅದರ ನಂತರದ ಟೂರ್ನಿ ಕೋಪಾ ಸುಡಮೆರಿಕಾನ ಗೆದ್ದರು, 2021ರಲ್ಲಿ ದೇಶದ ಲೀಗ್ ಗೆದ್ದರು. ಬಂದ ದುಡ್ಡನ್ನು ಹೆಸರಾಂತ ಹಳೆ ಆಟಗಾರರ ಮೇಲೆ ಸುರಿಯದೆ ಮತ್ತೆ ಮತ್ತೆ ಅಕಾಡೆಮಿಗೇ ಹಾಕಿದ್ದು ಅವರ ದಾರಿ. ರಾಜಧಾನಿಯ ಮಗ್ಗುಲಲ್ಲಿರುವ ಊರು ಅನ್ನೋದು ಅವರಿಗೆ ಅಡ್ಡಿಯಾಗಲಿಲ್ಲ. ನಮಗೂ ಬೆಂಗಳೂರು ಹತ್ತಿರ ಇರೋದೇ ದೊಡ್ಡ ಸಮಸ್ಯೆ ಅಂತ ಹೇಳುವವರಿದ್ದಾರೆ. ನಾನು ಒಪ್ಪಲ್ಲ. ಹತ್ತಿರ ಇರೋದರಿಂದಲೇ ನಮ್ಮ ಹುಡುಗರನ್ನು ನೋಡೋಕೆ ಜನ ಬರುತ್ತಾರೆ. ಕರ್ನಾಟಕ 54 ವರ್ಷದ ನಂತರ, 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಾಗ ರಾಜ್ಯದ ಆಟಗಾರರ ಮೇಲೆ ಇನ್ನಷ್ಟು ಕಣ್ಣು ಬಿತ್ತು.

ಮಾರಾಟದ ದುಡ್ಡನ್ನೇ ನಂಬಿ ಕೂರೋದೂ ಅಪಾಯ. 2025ರ ಜುಲೈನಲ್ಲಿ ಐಎಸ್‌ಎಲ್ ಸೀಸನ್ನನ್ನು ತಡೆಹಿಡಿದರು, ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರು, ಸಿಬ್ಬಂದಿಯ ಸಂಬಳವನ್ನೇ ನಿಲ್ಲಿಸಿತು. ಮೇಲಿನವರ ಕೈ ಖಾಲಿಯಾದರೆ ಕೆಳಗಿನ ಕ್ಲಬ್ಬಿನಿಂದ ಕೊಳ್ಳುವವರು ಯಾರು? ಹಾಗಾಗಿ ತಿಂಗಳ ಖರ್ಚು ಚಂದಾ, ಊರಿನ ಪ್ರಾಯೋಜಕರು, ಹಳೆ ಆಟಗಾರರ ನೆರವು ಇಷ್ಟರಲ್ಲೇ ನಡೆಯಬೇಕು. ಆಟಗಾರನಿಂದ ಬಂದ ದುಡ್ಡು ಸಂಬಳಕ್ಕೆ, ಸಾಲ ತೀರಿಸೋಕೆ ಹೋಗಬಾರದು. ಅದು ಕೋಚ್‌ನ ತರಬೇತಿಗೆ, ಗೋಲ್‌ಕೀಪರ್‌ಗೆ ಗ್ಲೌಸಿಗೆ, ಚಿಕ್ಕ ಹುಡುಗರ ತಂಡಕ್ಕೆ ಹೋಗಬೇಕು. ಆಸೆಯ ಮೇಲೂ ಒಂದು ಮಿತಿ ಇರಲಿ: ಈ ವರ್ಷ ಮೇಲಿನ ಡಿವಿಷನ್‌ಗೆ ಹತ್ತಲೇಬೇಕು ಅಂತ ಕೈಯಲ್ಲಿರೋದೆಲ್ಲ ಸುರಿದರೆ ಮುಂದಿನ ವರ್ಷ ಪ್ರವೇಶ ಶುಲ್ಕಕ್ಕೂ ಪರದಾಡಬೇಕಾಗುತ್ತೆ.

ನಮ್ಮ ಕ್ಲಬ್ಬಲ್ಲಿ ಈಗ ಪ್ರತಿ ಜಾಗಕ್ಕೂ ಎರಡನೇ ಹುಡುಗ ಯಾರು ಅಂತ ಹಲಗೆಯ ಮೇಲೆ ಬರೆದಿದ್ದೇವೆ, ಸ್ನೇಹಪೂರ್ವಕ ಪಂದ್ಯಗಳಲ್ಲಿ ಅವನನ್ನೇ ಆ ಜಾಗದಲ್ಲಿ ನಿಲ್ಲಿಸುತ್ತೇವೆ. ಲೆಫ್ಟ್ ಬ್ಯಾಕ್ ಹುಡುಗ ಈಗ ಕಾರ್ನರ್‌ನಲ್ಲಿ ತಾನೇ ಹೇಳಿ ನಿಲ್ಲಿಸುತ್ತಾನೆ. ಇನ್ನು ಉಳಿದಿರೋದು ಚಿಕ್ಕವರ ನೋಂದಣಿ. ಫೋಟೊ, ಜನನ ಪ್ರಮಾಣಪತ್ರ, ಅಪ್ಪ ಅಮ್ಮನ ಒಪ್ಪಿಗೆ ಕೂಡಿಸಬೇಕು, ಕಂಪ್ಯೂಟರ್ ಮುಂದೆ ಕೂತು ಒಬ್ಬೊಬ್ಬರದೇ ತುಂಬಬೇಕು. ಬೆಮೆಲ್‌ನಿಂದ ನಿವೃತ್ತರಾದವರೋ, ಬೆಂಗಳೂರಿಗೆ ಹೋಗಿಬರುವ ಹಳೆ ಆಟಗಾರರೋ ಭಾನುವಾರ ಸ್ವಲ್ಪ ಹೊತ್ತು ಬಂದು ಕೂತರೆ ಸೀಸನ್ ಶುರುವಾಗುವ ಮುಂಚೆ ಹನ್ನೆರಡು ತುಂಬಿದ ಎಲ್ಲಾ ಹುಡುಗರ ಹೆಸರು ಸೇರಿಸಿಬಿಡಬಹುದು.